750 ವಾಟ್ ಸರ್ವೋ ಮೋಟಾರ್, ಬೈಕಂಪಾಡಿಯ ಮಳೆ ಮತ್ತು ಒಂದು ಪ್ಲಾಸ್ಟಿಕ್ ಕನೆಕ್ಟರ್

ಮಂಗಳೂರಿನ ಬೈಕಂಪಾಡಿಯ ನಮ್ಮ ವರ್ಕ್‌ಶಾಪಿನ ಹಳೆಯ ಎಚ್‌ಎಂಟಿ ಎಫ್‌ಎನ್2 ಮಿಲ್ಲಿಂಗ್ ಯಂತ್ರವನ್ನು ಸಿಎನ್‌ಸಿಗೆ, ಅಂದರೆ ಕಂಪ್ಯೂಟರ್ ನಿಯಂತ್ರಣಕ್ಕೆ, ಬದಲಾಯಿಸಿದಾಗ ಮೂರು ಅಕ್ಷಗಳಿಗೂ 750 ವಾಟ್‌ನ ಎಸಿ ಸರ್ವೋ ಮೋಟಾರುಗಳನ್ನು ಹಾಕಿದೆವು. ಹೆಸರಾಂತ ಜಪಾನೀ ಮೋಟಾರುಗಳು ನಮ್ಮ ಕೈಗೆಟುಕುವಂತಿರಲಿಲ್ಲ, ಇವು ಅಗ್ಗದವು. ಟಾರ್ಕ್ (ತಿರುಗಿಸುವ ಬಲ), ಫ್ಲೇಂಜ್ (ಮೋಟಾರನ್ನು ಯಂತ್ರಕ್ಕೆ ಕೂರಿಸುವ ಮುಖ) ಅಳತೆಗಳನ್ನು ಕ್ಯಾಟಲಾಗಿನಲ್ಲೇ ನೋಡಿರುತ್ತೀರಿ, ಅವನ್ನು ಬಿಡುತ್ತೇನೆ.

ಹೆಜ್ಜೆ ಹೆಜ್ಜೆಯಾಗಿ ತಿರುಗುವ, ಸ್ಟೆಪ್ಪರ್ ಎಂಬ ಮೋಟಾರೇ ಸಾಕು ಎಂದು ಹೇಳಿದವರು ಹಲವರು. ಸ್ಟೆಪ್ಪರ್ ವೇಗ ಹೆಚ್ಚಿದಂತೆ ಬಲ ಕಳೆದುಕೊಳ್ಳುತ್ತದೆ, ಸುಮ್ಮನೆ ನಿಂತಾಗಲೂ ಕರೆಂಟ್ ಎಳೆದು ಬಿಸಿಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಎನ್‌ಕೋಡರ್ (ಶಾಫ್ಟ್ ಎಷ್ಟು ತಿರುಗಿತೆಂದು ಅಳೆದು ಹೇಳುವ ಭಾಗ) ಇಲ್ಲದ ಸ್ಟೆಪ್ಪರ್ ಹೆಜ್ಜೆ ತಪ್ಪಿದರೆ ಯಾರಿಗೂ ಹೇಳುವುದಿಲ್ಲ. ಕೆಲಸ ಮುಗಿದು ಅಳತೆ ಹಿಡಿದಾಗಲೇ ಗೊತ್ತಾಗುತ್ತದೆ. ಎನ್‌ಕೋಡರ್ ಇರುವ ಸರ್ವೋ ಹಿಂದೆ ಬಿದ್ದರೆ, ಅದನ್ನು ಓಡಿಸುವ ನಿಯಂತ್ರಕವಾದ ಡ್ರೈವ್ ಆ ಕ್ಷಣವೇ ಅಲಾರಂ ಕೊಟ್ಟು ನಿಲ್ಲಿಸುತ್ತದೆ. ದುಬಾರಿ ಕಂಚಿನ ಬಿಡಿಭಾಗ ಕೈಯಲ್ಲಿರುವಾಗ ಈ ಒಂದು ಗುಣಕ್ಕೇ ಹಣ ಕೊಡಬಹುದು.

ಟೇಬಲನ್ನು ಮೇಲೆ ಕೆಳಗೆ ಸರಿಸುವ ‘ನೀ’ (knee) ಅಕ್ಷಕ್ಕೆ ಬ್ರೇಕ್ ಇರುವ ಮೋಟಾರನ್ನೇ ತೆಗೆದುಕೊಂಡೆವು. ಹಳೆಯ ಸ್ಕ್ರೂ ಭಾರವನ್ನು ತಾನೇ ತಡೆದು ನಿಲ್ಲಿಸುತ್ತಿತ್ತು. ಅದರ ಬದಲು ಹಾಕಿದ, ಗುಂಡುಗಳ ಮೇಲೆ ಉರುಳುವ ಬಾಲ್ ಸ್ಕ್ರೂ ಹಾಗಲ್ಲ, ವಿದ್ಯುತ್ ಹೋದರೆ ಟೇಬಲಿನ ಭಾರಕ್ಕೆ ತಾನೇ ತಿರುಗಿ ಕೆಳಗಿಳಿಯುತ್ತದೆ. ಬೆಳಿಗ್ಗೆ ಡ್ರೈವ್ ಚಾಲೂ ಮಾಡಿದಾಗ ಆ ಬ್ರೇಕ್ ‘ಟಕ್’ ಎಂದು ಬಿಡುವ ಸದ್ದು ನನಗೆ ಬಹಳ ಪ್ರೀತಿ. ಆಮೇಲೆ ಸ್ಲೈಡುಗಳನ್ನು ಒರೆಸಿ, ಎಣ್ಣೆಯ ಪಂಪಿನ ಹಿಡಿಕೆ ಎಳೆದು, ಟೇಬಲನ್ನು ಆ ತುದಿಯಿಂದ ಈ ತುದಿಗೆ ನಿಧಾನವಾಗಿ ಓಡಿಸುತ್ತೇನೆ. ಮೋಟಾರಿನ ಮೇಲೆ ಅಂಗೈ ಇಟ್ಟರೆ ಸಣ್ಣ ನಡುಕವೂ ತಿಳಿಯುವುದಿಲ್ಲ. ಚಹಾ ಬರುವಷ್ಟರಲ್ಲಿ ಯಂತ್ರ ಕೆಲಸಕ್ಕೆ ಸಿದ್ಧ.

ಇಷ್ಟು ಮೆಚ್ಚಿದ ಮೇಲೂ ಈ ವಿಮರ್ಶೆ ಬರೆಯಲು ಕೂತದ್ದು ಸಿಟ್ಟಿನಿಂದ.

ಕ್ಯಾಟಲಾಗಿನಲ್ಲಿ ದಪ್ಪ ಅಕ್ಷರದಲ್ಲಿ ಐಪಿ65, ಅಂದರೆ ಧೂಳು, ನೀರು ಒಳಹೋಗದ ದರ್ಜೆ, ಎಂದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಶಾಫ್ಟ್ ಮತ್ತು ಕನೆಕ್ಟರ್ ಹೊರತುಪಡಿಸಿ ಎಂದಿದೆ. 80 ಮಿ.ಮೀ. ಫ್ಲೇಂಜಿನ ಈ ಮೋಟಾರಿನಿಂದ ಗೇಣುದ್ದದ ತಂತಿ ಹೊರಬಂದು ಒಂದು ಬಡಕಲು ಪ್ಲಾಸ್ಟಿಕ್ ಕನೆಕ್ಟರಿನಲ್ಲಿ ಮುಗಿಯುತ್ತದೆ. ಒಳನಾಡಿನ ಊರಿನಲ್ಲಿ ಇದು ನಡೆಯಬಹುದು. ಇಲ್ಲಿ ಜೂನ್ ತಿಂಗಳೆಂದರೆ ಗೋಡೆಯೇ ಬೆವರುತ್ತದೆ, ಗಾಳಿಯಲ್ಲಿ ಸಮುದ್ರದ ಉಪ್ಪು. ಪಿನ್ನುಗಳ ಮೇಲೆ ಹಸಿರು ಕಿಲುಬು ಹಿಡಿಯಿತು, ಎನ್‌ಕೋಡರಿನ ಮಾತು ಡ್ರೈವ್‌ಗೆ ತಲುಪದೆ ಹೋಯಿತು, ಶಾಫ್ಟಿನಲ್ಲಿ ಕೀವೇ (ಕೀಲಿ ಕೂರುವ ಉದ್ದ ತೋಡು) ಕೊರೆಯುತ್ತಿದ್ದ ಹಾಗೆಯೇ ಯಂತ್ರ ನಿಂತಿತು.

ಅದೂ ಯಾವಾಗ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡಕ್ಕೆ ಬಂದು, ಪ್ರೊಪೆಲರ್ ಶಾಫ್ಟು, ಪಂಪುಗಳು ರಿಪೇರಿಗೆ ಸಾಲುಗಟ್ಟುವ ಕಾಲ. ಆಗಸ್ಟಿಗೆ ಬೋಟು ಕಡಲಿಗಿಳಿಯಲೇಬೇಕು ಎನ್ನುವ ಮಾಲೀಕರಿಗೆ ಕನೆಕ್ಟರಿನ ಕಥೆ ಹೇಳುವುದು ಹೇಗೆ? ಮಾರಿದವರನ್ನು ಕೇಳಿದರೆ, ಒಳಗೆ ತೇವ ಹೊಕ್ಕರೆ ವಾರಂಟಿ ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ತೇವ ಒಳಹೊಗುವಂತೆ ಮಾಡಿಟ್ಟವರು ಯಾರು?

ಈಗ ಮಳೆಗಾಲಕ್ಕೆ ಮುಂಚೆಯೇ ಪ್ರತಿ ಕನೆಕ್ಟರನ್ನು ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಸಿಲಿಕೋನ್ ಗ್ರೀಸ್ ತುಂಬಿ, ಒಳಬದಿಗೆ ಅಂಟು ಸವರಿದ, ಬಿಸಿ ಮಾಡಿದರೆ ಬಿಗಿದುಕೊಳ್ಳುವ ಹೀಟ್‌ಶ್ರಿಂಕ್ ಕೊಳವೆಯನ್ನು ಹೊದಿಸುತ್ತೇವೆ. ಕೇಬಲನ್ನು ಒಮ್ಮೆ ಕೆಳಕ್ಕೆ ಬಾಗಿಸಿ ಮೇಲೆತ್ತಿದರೆ ಅದರ ಮೇಲೆ ಹರಿಯುವ ಕೂಲಂಟ್ (ತಂಪುಗೊಳಿಸುವ ದ್ರವ) ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಕನೆಕ್ಟರಿಗೆ ಹೋಗುವುದಿಲ್ಲ. ಡ್ರೈವ್ ಇರುವ ಪ್ಯಾನೆಲಿನೊಳಗೆ ರಾತ್ರಿಯಿಡೀ ಒಂದು ಸಣ್ಣ ಬಲ್ಬ್ ಉರಿಯುತ್ತದೆ. ಆ ಬಿಸಿಗೆ ತೇವ ಕೂರುವುದಿಲ್ಲ. ಇಷ್ಟಾದ ಮೇಲೆ ಅಲಾರಂ ಬಂದಿಲ್ಲ, ಸಿಟ್ಟೂ ಸ್ವಲ್ಪ ಇಳಿದಿದೆ. ಮೋಟಾರಿನ ಬೇರಿಂಗ್ ಇಂದಿಗೂ ಹೊಸದರಂತೆಯೇ ತಿರುಗುತ್ತದೆ, ಅದರಲ್ಲಿ ದೂರಿಲ್ಲ.

ಹೆಚ್ಚು ಬಿಟ್‌ಗಳ ಎನ್‌ಕೋಡರಿಗೆ ಹಣ ಸುರಿಯುವವರಿಗೆ ಒಂದು ಮಾತು. ನಮ್ಮದು 17 ಬಿಟ್, ಅಂದರೆ ಒಂದು ಸುತ್ತಿಗೆ 1,31,072 ಎಣಿಕೆ. ಸಿ7 ಎಂಬ ನಿಖರತೆಯ ದರ್ಜೆಯ ಬಾಲ್ ಸ್ಕ್ರೂನಲ್ಲಿ 300 ಮಿ.ಮೀ. ಉದ್ದಕ್ಕೆ 0.05 ಮಿ.ಮೀ. ತಪ್ಪಿಗೆ ಅವಕಾಶವಿರುವಾಗ 23 ಬಿಟ್ ಎನ್‌ಕೋಡರ್ ಏನು ಮಾಡೀತು? ಆ ಹಣ ಕನೆಕ್ಟರಿಗೆ ಹೋಗಲಿ. 130 ಮಿ.ಮೀ. ಫ್ಲೇಂಜಿನ ಮೋಟಾರುಗಳಿಗೆ ಸಾಮಾನ್ಯವಾಗಿ ತಿರುಪಿನಿಂದ ಬಿಗಿಯುವ ಲೋಹದ ದುಂಡು ಕನೆಕ್ಟರ್ ಬರುತ್ತದೆ. ಕೆಲವು ತಯಾರಕರು 80ರಲ್ಲೂ ಜಲನಿರೋಧಕ ಪ್ಲಗ್ ಕೊಡುತ್ತಾರೆ. ಮುಂದೆ ಲೇತ್‌ಗೆ ಸರ್ವೋ ಹಾಕುವಾಗ ನಾನು ಕೇಳುವ ಮೊದಲ ಪ್ರಶ್ನೆ ಅದೇ. ವಾಟ್ ಎಷ್ಟು ಎಂಬುದು ಆಮೇಲೆ.