ಇ-ಕೋರ್ಟ್ಸ್ ಆ್ಯಪ್: ತಾರೀಖು ಸಿಗುತ್ತದೆ, ವಾಯಿದೆ ಲೆಕ್ಕ ನಿಮ್ಮದೇ

ಮಂಗಳೂರು, ಉಡುಪಿ ಕೋರ್ಟುಗಳಲ್ಲಿ ಮೇಲ್ಮನವಿ ಇರುವವರ ಫೋನಿನಲ್ಲಿ ಈ ಉಚಿತ ಆ್ಯಪ್ ಇರಲೇಬೇಕು. 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ (ಪ್ರತಿ ಪ್ರಕರಣಕ್ಕೂ ಇರುವ ಗುರುತು ಸಂಖ್ಯೆ) ಹಾಕಿದರೆ ಮುಂದಿನ ತಾರೀಖು ಗೊತ್ತಾಗುತ್ತದೆ. ಕಾಲಮಿತಿ ಎಣಿಸಿಕೊಡುವುದಿಲ್ಲ, ಅದೇ ದೊಡ್ಡ ಕೊರತೆ.

ಗೈರುಹಾಜರಿಯಿಂದ ಸಿವಿಲ್ ಮೇಲ್ಮನವಿ ವಜಾ ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆದೇಶ 41, ನಿಯಮ 19ರಡಿ ಅದನ್ನು ಮತ್ತೆ ವಿಚಾರಣೆಗೆ ತೆಗೆದುಕೊಳ್ಳಿ ಎಂದು ಅದೇ ಕೋರ್ಟಿಗೆ ಅರ್ಜಿ ಹಾಕಬೇಕು. ಗಡುವು ವಜಾ ಆದ ದಿನದಿಂದ 30 ದಿನ. ನಿಮಗೆ ತಿಳಿದ ದಿನದಿಂದಲ್ಲ. ಎಡವುವುದು ಇಲ್ಲೇ. ದಾಟಿದ್ದರೆ ಕಾಲಮಿತಿ ಕಾಯ್ದೆಯ 5ನೇ ಕಲಮಿನ ವಿಳಂಬ ಮನ್ನಾ ಅರ್ಜಿ, ಅಫಿಡವಿಟ್ ಜೊತೆಗಿರಲಿ. ‘ಹುಷಾರಿರಲಿಲ್ಲ’ ಎಂದರೆ ಸಾಲದು, ಆಸ್ಪತ್ರೆಯ ಚೀಟಿ ಲಗತ್ತಿಸಿ. ನಿಯಮ 19ರ ಅರ್ಜಿ ತಿರಸ್ಕೃತವಾದರೂ ಸಿಪಿಸಿ ಆದೇಶ 43ರಡಿ ಮೇಲ್ಮನವಿಗೆ ದಾರಿ ಉಂಟು.