ಜಲ್ಲಿ ಅಂಟಿಸುವ ಮೊದಲೂ ಆಮೇಲೂ ಹಳಿಯ ಮೇಲೆ ನಾಣ್ಯ ಇಟ್ಟು ನೋಡಿ

ಮಾಡೆಲ್ ರೈಲಿನ ಲೇಔಟ್ ಕಟ್ಟುತ್ತಿರುವವರು, ಅದರಲ್ಲೂ ಹಳೆಯ ಡಿಸಿ ಲೇಔಟನ್ನು (ಹಳಿಯ ವೋಲ್ಟೇಜ್ ಏರಿಳಿಸಿ ರೈಲು ಓಡಿಸುವುದು) ಡಿಸಿಸಿಗೆ (ಹಳಿಯಲ್ಲಿ ಸದಾ ಕರೆಂಟ್ ಇಟ್ಟು ಪ್ರತಿ ಎಂಜಿನ್ನಿಗೂ ಡಿಜಿಟಲ್ ಆದೇಶ ಕಳಿಸುವುದು) ಬದಲಾಯಿಸಲು ಹೊರಟವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಇಲ್ಲಿ ಹೇಳುತ್ತಿರುವುದು ಒಂದು ಲೇಔಟ್‌ನಲ್ಲಿ ನಿಜಕ್ಕೂ ಆದ ಹಾನಿ. ಸೌಂಡ್ ಡಿಕೋಡರ್ (ಆ ಆದೇಶ ಓದಿ ಮೋಟರ್ ಮತ್ತು ಸದ್ದು ನಡೆಸುವ ಸರ್ಕ್ಯೂಟ್) ಇದ್ದ ಒಂದು ಎಂಜಿನ್ನಿನ ಹಿಂದಿನ ಚಕ್ರಗಳ ಚೌಕಟ್ಟು ಕರಗಿ ಹಳಿಗೆ ಅಂಟಿಕೊಂಡಿತು. ಅದರ ಕೆಳಗಿನ ನಾಲ್ಕು ಸ್ಲೀಪರ್‌ಗಳೂ ಕರಗಿದವು. ಇಷ್ಟಾದರೂ ಹಳಿಗೆ ಕರೆಂಟ್ ಕೊಡುವ ಬೂಸ್ಟರ್ ಟ್ರಿಪ್ ಆಗಲಿಲ್ಲ, ಅಂದರೆ ತಾನಾಗಿ ಕರೆಂಟ್ ಕಡಿಯಲಿಲ್ಲ. ಅದರ ದೀಪ ಕೊನೆಯವರೆಗೂ ಎಲ್ಲ ಸರಿಯಿದೆ ಎಂದೇ ತೋರಿಸುತ್ತಿತ್ತು.

ಅದು 1:87 ಅಳತೆಯ, 16.5 ಮಿಮೀ ಗೇಜಿನ ಎಚ್‌ಓ ಲೇಔಟ್. ಗೋಡೆಯ ಉದ್ದಕ್ಕೂ ಶೆಲ್ಫಿನ ಹಾಗೆ ಕಟ್ಟಿದ್ದು. 914 ಮಿಮೀ ಉದ್ದದ ಬಾಗಿಸಬಹುದಾದ ಎಂಟು ಫ್ಲೆಕ್ಸ್ ಹಳಿಗಳು, ಅಂದರೆ ಸುಮಾರು 7.3 ಮೀಟರ್ ಮುಖ್ಯ ಮಾರ್ಗ, ಅದರ ತುದಿಯಲ್ಲಿ ಮೂರು ಪಾಯಿಂಟ್‌ಗಳ (ರೈಲನ್ನು ಒಂದು ದಾರಿಯಿಂದ ಇನ್ನೊಂದಕ್ಕೆ ತಿರುಗಿಸುವ ಹಳಿ ಜೋಡಣೆ) ಯಾರ್ಡ್. ಹಳಿಗೆ ಕರೆಂಟ್ ಕೊಡುವ ಫೀಡರ್ ವೈರ್ ಇದ್ದದ್ದು ಎರಡೇ ಕಡೆ: ಆರಂಭದಲ್ಲಿ ಒಂದು ಜೋಡಿ, ಮಧ್ಯದಲ್ಲಿ ಒಂದು ಜೋಡಿ. ಮಧ್ಯದಿಂದ ಯಾರ್ಡಿನ ತುದಿಗೆ ಕರೆಂಟ್ ಹೋಗಬೇಕಾದದ್ದು ಪೂರ್ತಿ ಹಳಿಯ ಮೂಲಕ, ಹಳಿ ಹಳಿಯನ್ನು ಜೋಡಿಸುವ ಆ ಚಿಕ್ಕ ಜಾಯಿನರ್‌ಗಳ ಮೂಲಕ. ಮುಖ್ಯ ಮಾರ್ಗದಲ್ಲೇ ಒಂದೊಂದು ಬದಿಗೆ ಏಳು, ಎರಡೂ ಬದಿ ಸೇರಿ ಹದಿನಾಲ್ಕು ಜಾಯಿನರ್. ಒಂದಕ್ಕೂ ಬೆಸುಗೆ ಇರಲಿಲ್ಲ.

ಡಿಸಿ ಕಾಲದಲ್ಲಿ ಇದೇ ಲೇಔಟ್ ವರ್ಷಗಟ್ಟಲೆ ಚೆನ್ನಾಗಿಯೇ ಓಡಿತ್ತು. ಮೋಸ ಹೋಗುವುದು ಇಲ್ಲೇ. ಒಂದು ಆಂಪಿಯರ್ ಕೊಡುವ ಸಾಮಾನ್ಯ ಕಂಟ್ರೋಲರ್‌ಗೆ ಯಾರ್ಡಿನಲ್ಲಿ ರೈಲು ಸ್ವಲ್ಪ ನಿಧಾನವಾದರೆ ಗುಂಡಿ ಸ್ವಲ್ಪ ಹೆಚ್ಚು ತಿರುಗಿಸಿದರಾಯಿತು. ಡಿಸಿಸಿಯಲ್ಲಿ ಹಾಗಲ್ಲ. ಹಳಿಯಲ್ಲಿ ಸುಮಾರು 15 ವೋಲ್ಟ್ ಸದಾ ಇರುತ್ತದೆ, ಅದರ ಹಿಂದೆ 5 ಆಂಪಿಯರ್ ಬೂಸ್ಟರ್ ನಿಂತಿರುತ್ತದೆ. ಅಂದರೆ 75 ವಾಟ್. ಬೆಸುಗೆ ಹಾಕುವ ಸಣ್ಣ ಐರನ್ 25 ವಾಟಿನದು ಎಂಬುದನ್ನು ನೆನಪಿಡಿ.

ಆ ದಿನ ಆದದ್ದು ಇಷ್ಟೇ. ಯಾರ್ಡಿನ ಕೊನೆಯ ಪಾಯಿಂಟ್ ಬೇರೆ ದಾರಿಗೆ ತಿರುಗಿತ್ತು. ಎಂಜಿನ್ ಹಿಂಬದಿಯಿಂದ, ಅಂದರೆ ಎರಡು ದಾರಿ ಒಂದಾಗುವ ಕಡೆಗೆ, ಅದರೊಳಗೆ ಬಂತು. ಪಾಯಿಂಟಿನ ಫ್ರಾಗ್, ಅಂದರೆ ಎರಡು ಒಳಹಳಿಗಳು V ಆಕಾರದಲ್ಲಿ ಕೂಡುವ ಭಾಗ, ಲೋಹದ್ದು. ತಿರುಗಿದ ದಿಕ್ಕಿಗೆ ತಕ್ಕಂತೆ ಅದರ ಪೊಲಾರಿಟಿ ಬದಲಾಗುತ್ತದೆ; ಆಗ ಅದು ಎಂಜಿನ್ ಬರುತ್ತಿದ್ದ ಹಳಿಗೆ ವಿರುದ್ಧವಾಗಿತ್ತು. ಮುಂದಿನ ಚಕ್ರ ಇನ್ಸುಲೇಟೆಡ್ ಜಾಯಿನರ್ ದಾಟಿ ಫ್ರಾಗ್ ಮೇಲೆ ಹತ್ತಿತು. ಅದೇ ಬದಿಯ ಹಿಂದಿನ ಚಕ್ರ ಇನ್ನೂ ಈಚೆಯ ಹಳಿಯಲ್ಲೇ ಇತ್ತು. ಎರಡೂ ಚಕ್ರ ಎಂಜಿನ್ನಿನ ಒಳಗೆ ಒಂದೇ ವೈರಿಗೆ ಸೇರಿರುವುದರಿಂದ ಹಿಂದಿನ ಚಕ್ರ, ಅದಕ್ಕೆ ಒತ್ತಿಕೊಂಡಿರುವ ತೆಳು ಕಂಚಿನ ಪಟ್ಟಿ, ಕೂದಲಿನಷ್ಟು ಸಣ್ಣ ವೈರ್, ಮುಂದಿನ ಪಟ್ಟಿ, ಮುಂದಿನ ಚಕ್ರ, ಫ್ರಾಗ್, ಹೀಗೆ ಶಾರ್ಟ್ ಪೂರ್ತಿಯಾಯಿತು. ಡಿಕೋಡರ್ ಈ ದಾರಿಯಲ್ಲಿ ಇಲ್ಲ. ಅಷ್ಟೂ ಕರೆಂಟ್ ಹರಿದದ್ದು ಆ ಪಟ್ಟಿ ಮತ್ತು ವೈರಿನಲ್ಲಿ.

ಆಮೇಲೆ ಅಳೆದು ನೋಡಿದಾಗ ಬೂಸ್ಟರಿನಿಂದ ಆ ಪಾಯಿಂಟ್‌ವರೆಗೆ ಹೋಗಿ ಬರುವ ದಾರಿಯ ರೆಸಿಸ್ಟನ್ಸ್ 3.5 ಓಮ್ ಇತ್ತು. 15 ವೋಲ್ಟನ್ನು 3.5ರಿಂದ ಭಾಗಿಸಿ: 4.3 ಆಂಪಿಯರ್. ಬೂಸ್ಟರ್ ಟ್ರಿಪ್ ಆಗುವುದು 5ಕ್ಕೆ. ಅದರ ಲೆಕ್ಕದಲ್ಲಿ ಇದು ಶಾರ್ಟ್ ಅಲ್ಲ, ಲೇಔಟ್‌ನಲ್ಲಿ ಹತ್ತು ಎಂಜಿನ್ ಓಡುತ್ತಿವೆ, ಅಷ್ಟೇ. 4.3 ಆಂಪಿಯರ್ ಹರಿಯುವಾಗ ಚಕ್ರಕ್ಕೆ ಒತ್ತುವ ಪಟ್ಟಿಯ ಬಳಿ ಬರೀ 0.3 ಓಮ್ ಇದ್ದರೂ ಐದೂವರೆ ವಾಟ್ ಶಾಖ ಅಷ್ಟು ಚಿಕ್ಕ ಜಾಗದಲ್ಲಿ ಹುಟ್ಟುತ್ತದೆ. ಎಬಿಎಸ್ ಪ್ಲಾಸ್ಟಿಕ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಎಂಜಿನ್ ನಿಂತದ್ದನ್ನು ಕಂಡು ಸಿಗ್ನಲ್ ಸಿಗಲಿಲ್ಲವೇನೋ ಎಂದು ಥ್ರಾಟಲ್ ಒತ್ತುತ್ತಾ ಕೂತರೆ, ಸುಟ್ಟ ವಾಸನೆ ಮೂಗಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಹೊಸದಾಗಿ ಹಾಕಿದಾಗ ಆ ಜಾಯಿನರ್‌ಗಳು ಬಿಗಿಯಾಗಿಯೇ ಇದ್ದವು. ಅವು ಕೆಟ್ಟದ್ದು ಜಲ್ಲಿ ಅಂಟಿಸಿದ ಮೇಲೆ. ಜಲ್ಲಿಗೆ ಹಾಕುವುದು ನೀರು ಬೆರೆಸಿದ ಬಿಳಿ ಪಿವಿಎ ಅಂಟು, ಅದು ಚೆನ್ನಾಗಿ ಇಳಿಯಲೆಂದು ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಜಲ್ಲಿಯ ಸಂದಿಗೆ ಇಳಿಯುವ ಆ ತೆಳು ಅಂಟು ಜಾಯಿನರ್ ಮತ್ತು ಹಳಿಯ ನಡುವೆಯೂ ಇಳಿಯುತ್ತದೆ. ಒಣಗಿ ಪ್ಲಾಸ್ಟಿಕ್ ಪದರವಾಗುತ್ತದೆ. ಮರುದಿನ ಏನೂ ಗೊತ್ತಾಗುವುದಿಲ್ಲ. ಚಳಿಗೆ ಸೆಖೆಗೆ ಹಳಿ ಜರುಗಿದಂತೆಲ್ಲ ಉಳಿದ ಸಂಪರ್ಕವೂ ಸಡಿಲವಾಗುತ್ತದೆ. ಹಳಿಯ ಬದಿಗೆ ತುಕ್ಕಿನ ಬಣ್ಣ ಸ್ಪ್ರೇ ಮಾಡಿದ್ದರೆ ಅದೂ ಒಂದು ಪದರ. ಪಾಯಿಂಟಿನ ಬ್ಲೇಡ್ (ಅತ್ತಿತ್ತ ಸರಿಯುವ ಹಳಿ ತುಂಡು) ಹೋಗಿ ತಾಗುವ ಹಳಿಯ ಒಳಮೈಗೂ ಇದೇ ಗತಿ.

ಮುನ್ಸೂಚನೆ ಇರಲಿಲ್ಲವೆಂದಲ್ಲ. ಯಾರ್ಡಿನಲ್ಲಿ ಸೌಂಡ್ ಎಂಜಿನ್ ಹೊರಡುವಾಗ ಸದ್ದು ಒಮ್ಮೆ ಕಟ್ ಆಗಿ ಮತ್ತೆ ಶುರುವಾಗುತ್ತಿತ್ತು. ಎರಡು ಎಂಜಿನ್ ಒಟ್ಟಿಗೆ ಎಳೆದರೆ ವೇಗ ಬೀಳುತ್ತಿತ್ತು. 3.5 ಓಮ್ ದಾರಿಯಲ್ಲಿ ಒಂದು ಆಂಪಿಯರ್ ಎಳೆದರೆ ಮೂರೂವರೆ ವೋಲ್ಟ್ ಅಲ್ಲೇ ನಷ್ಟ. ಇಂಥದ್ದು ಕಂಡಾಗ ಹೆಚ್ಚಿನವರು ಹಳಿ ಕೊಳೆಯಾಗಿದೆಯೆಂದು ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸುತ್ತಾರೆ. ಒರೆಸಿದ ಮೇಲೂ ಅದೇ ಜಾಗದಲ್ಲಿ ಅದೇ ತೊಂದರೆ ಉಳಿದರೆ ಅದು ಕೊಳೆಯಲ್ಲ, ವೈರಿಂಗ್.

ಈಗ ಪರೀಕ್ಷೆಯ ವಿಷಯ. ಎಲ್ಲ ಎಂಜಿನ್ ಹಳಿಯಿಂದ ಇಳಿಸಿ. ಬೂಸ್ಟರ್ ಆನ್ ಮಾಡಿ. ಒಂದು ನಾಣ್ಯವನ್ನು ಎರಡೂ ಹಳಿಗೆ ಗಟ್ಟಿಯಾಗಿ ತಾಗಿಸಿ. ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್ ಆದರೆ ಇನ್ನೂ ಒಳ್ಳೆಯದು, ಬೆರಳು ಸುಡುವುದಿಲ್ಲ. ಬೂಸ್ಟರ್ ತಕ್ಷಣ ಟ್ರಿಪ್ ಆಗಬೇಕು. ಒಂದು ಸೆಕೆಂಡಿನಲ್ಲಿ ಆಗಲಿಲ್ಲವೆಂದರೆ ಕೈ ತೆಗೆದು ಆ ಜಾಗಕ್ಕೆ ಟೇಪ್ ಅಂಟಿಸಿ ಗುರುತು ಮಾಡಿ. ಪ್ರತಿಯೊಂದು ಹಳಿ ತುಂಡಿನ ಮೇಲೂ ಇದನ್ನು ಮಾಡಬೇಕು. ಪಾಯಿಂಟ್ ಆದರೆ ಮೂರೂ ಬಾಯಲ್ಲಿ, ಜೊತೆಗೆ ಫ್ರಾಗ್ ಮತ್ತು ಅದರ ಎದುರಿನ ಹಳಿಗೆ, ಎರಡೂ ದಿಕ್ಕಿಗೆ ತಿರುಗಿಸಿ. ಹಳಿ ಹಾಸಿದಾಗ ಒಮ್ಮೆ, ಜಲ್ಲಿ ಪೂರ್ತಿ ಒಣಗಿ ಎರಡು ದಿನವಾದ ಮೇಲೆ ಇನ್ನೊಮ್ಮೆ, ಬಣ್ಣ ಹೊಡೆದರೆ ಮತ್ತೊಮ್ಮೆ. ಈ ಲೇಔಟ್‌ನಲ್ಲಿ ಮೊದಲನೆಯದನ್ನು ಮಾಡಿದ್ದರು, ಎರಡನೆಯದನ್ನು ಬಿಟ್ಟಿದ್ದರು.

ಅಂಕಿಯಲ್ಲಿ ತಿಳಿಯಬೇಕಾದರೆ ಬೂಸ್ಟರಿನ ವೈರ್ ಕಳಚಿ, ದೂರದ ತುದಿಯಲ್ಲಿ ಎರಡೂ ಹಳಿಗೆ ಕ್ಲಿಪ್ ಹಾಕಿ, ಈ ತುದಿಯಲ್ಲಿ ಮಲ್ಟಿಮೀಟರನ್ನು 200 ಓಮ್ ರೇಂಜಿನಲ್ಲಿಟ್ಟು ಅಳೆಯಿರಿ. ಮೊದಲು ಮೀಟರಿನ ಎರಡು ಮುಳ್ಳನ್ನು ಒಂದಕ್ಕೊಂದು ತಾಗಿಸಿ ಬಂದ ಅಂಕಿಯನ್ನು ಕಳೆಯುವುದನ್ನು ಮರೆಯಬೇಡಿ. ಅರ್ಧ ಓಮ್‌ಗಿಂತ ಹೆಚ್ಚು ಬಂದರೆ ಎಲ್ಲೋ ತಪ್ಪಿದೆ.

ಸರಿಪಡಿಸುವುದು ಹೇಗೆ ಎಂದರೆ, ಜಾಯಿನರ್ ಹಳಿಯನ್ನು ನೇರ ಹಿಡಿಯಲು ಮಾತ್ರ, ಕರೆಂಟಿಗಲ್ಲ ಎಂದು ಮೊದಲು ಒಪ್ಪಿಕೊಳ್ಳಬೇಕು. ನಿಕಲ್ ಸಿಲ್ವರ್ ಹಳಿಯಲ್ಲಿ ಬೆಳ್ಳಿ ಇಲ್ಲ. ಅದು ತಾಮ್ರ, ಸತು, ನಿಕಲ್ ಮಿಶ್ರಣ, ಅದರ ರೆಸಿಸ್ಟನ್ಸ್ ತಾಮ್ರದ ಹತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ಲೇಔಟ್ ಅಡಿಯಲ್ಲಿ ಈ ತುದಿಯಿಂದ ಆ ತುದಿಗೆ 2.5 ಚದರ ಮಿಮೀ ತಾಮ್ರದ ಎರಡು ಬಣ್ಣದ ವೈರ್ ಬಸ್ ಆಗಿ, ಅಂದರೆ ಎಲ್ಲ ಫೀಡರ್‌ಗೂ ಕರೆಂಟ್ ಕೊಡುವ ಮುಖ್ಯ ವೈರಾಗಿ, ಹೋಗಲಿ. ಅದರ ರೆಸಿಸ್ಟನ್ಸ್ ಮೀಟರಿಗೆ ಸುಮಾರು 0.007 ಓಮ್, 7.3 ಮೀಟರ್ ಹೋಗಿ ಬಂದರೆ 0.1 ಓಮ್ ಅಷ್ಟೇ. ಪ್ರತಿ ಹಳಿ ತುಂಡಿಗೂ 0.5 ಚದರ ಮಿಮೀ ಫೀಡರ್, ಉದ್ದ 20 ಸೆಂಮೀ ಮೀರದಂತೆ. ಹಳಿಯ ಪಕ್ಕದಲ್ಲೇ 2.5 ಮಿಮೀ ತೂತು ಕೊರೆದು ಕೆಳಗೆ ಇಳಿಸಿ. ಬಸ್ಸನ್ನು ಕತ್ತರಿಸಬೇಡಿ: ಒಂದು ಸೆಂಟಿಮೀಟರ್ ಇನ್ಸುಲೇಷನ್ ಮಾತ್ರ ಸುಲಿದು, ಫೀಡರನ್ನು ಮೂರು ಸುತ್ತು ಸುತ್ತಿ ಬೆಸುಗೆ ಹಾಕಿ. ಎರಡು ಬದಿಯ ಸುಲಿದ ಜಾಗಗಳು ಎದುರುಬದುರು ಬಾರದಿರಲಿ.

ಹಳಿಗೆ ಬೆಸುಗೆ ಹಾಕುವುದೇ ಬಹಳ ಜನ ಹಿಂಜರಿಯುವ ಕೆಲಸ. ಸ್ಲೀಪರ್ ಕರಗುತ್ತದೆ ಎಂಬ ಭಯ. ಸ್ಲೀಪರ್ ಕರಗುವುದು ಐರನ್ ಬಿಸಿ ಹೆಚ್ಚಾಗಿ ಅಲ್ಲ, ಕಡಿಮೆಯಾಗಿ. 25 ವಾಟಿನ ಐರನ್ ಹಿಡಿದು ಹತ್ತು ಸೆಕೆಂಡ್ ಕಾದರೆ ಶಾಖ ಹಳಿಯುದ್ದಕ್ಕೂ ಹರಡುತ್ತದೆ. 40ರಿಂದ 60 ವಾಟಿನದಾದರೆ ಎರಡು ಮೂರು ಸೆಕೆಂಡ್ ಸಾಕು. ಹಳಿಯ ಹೊರಮೈಯನ್ನು ಸಣ್ಣ ಅರದಿಂದ ಉಜ್ಜಿ ಹೊಳೆಯುವಂತೆ ಮಾಡಿ, ರೋಸಿನ್ ಫ್ಲಕ್ಸ್ ಹಚ್ಚಿ. ಹಳಿಗೂ ವೈರಿನ ತುದಿಗೂ ಬೇರೆ ಬೇರೆಯಾಗಿ ಮೊದಲೇ ತೆಳ್ಳಗೆ ಬೆಸುಗೆ ಹಿಡಿಸಿಡಿ. ಎರಡೂ ಪಕ್ಕದ ಸ್ಲೀಪರ್ ಬಳಿ ಹಳಿಯ ಮೇಲೆ ಒದ್ದೆ ಟಿಶ್ಯೂ ಇಟ್ಟು ವೈರನ್ನು ಒತ್ತಿ ಐರನ್ ತಾಗಿಸಿ. ಬೆಸುಗೆ ಫಳಕ್ಕನೆ ಹರಿದದ್ದು ಕಣ್ಣಿಗೇ ಕಾಣುತ್ತದೆ; ಆಗ ಐರನ್ ತೆಗೆದು, ಅದು ಮಂಕಾಗುವವರೆಗೆ ವೈರ್ ಅಲುಗಾಡಿಸಬೇಡಿ. ಒಳಮೈಗೆ ಹಾಕಿದರೆ ಚಕ್ರದ ಅಂಚಿನ ಏಣು (ಫ್ಲಾಂಜ್) ಬಡಿಯುತ್ತದೆ. ಪೈಪಿಗೆ ಬಳಸುವ ಆಸಿಡ್ ಫ್ಲಕ್ಸ್ ಮಾತ್ರ ಖಂಡಿತ ಬೇಡ, ಕೆಲವು ತಿಂಗಳಲ್ಲಿ ವೈರ್ ಹಸಿರುಗಟ್ಟಿ ತುಂಡಾಗುತ್ತದೆ.

ಜಲ್ಲಿ ಈಗಾಗಲೇ ಅಂಟಿಸಿದ್ದರೆ ಎದೆಗುಂದಬೇಡಿ. ಪಿವಿಎ ಬಿಸಿನೀರಿಗೆ ಮೆತ್ತಗಾಗುತ್ತದೆ. ಕರೆಂಟ್ ಆಫ್ ಮಾಡಿ, ಜಾಯಿನರ್ ಸುತ್ತ ಐದು ಸೆಂಟಿಮೀಟರ್ ಜಾಗಕ್ಕೆ ಡ್ರಾಪರ್‌ನಿಂದ ಬಿಸಿನೀರು ಬಿಟ್ಟು ಹದಿನೈದು ನಿಮಿಷ ಕಾದು, ಚಪ್ಪಟೆ ಕಡ್ಡಿಯಿಂದ ಎಬ್ಬಿಸಿ. ನೀರು ಅತಿಯಾದರೆ ಕೆಳಗಿನ ಪ್ಲೈವುಡ್ ಉಬ್ಬುತ್ತದೆ, ಹನಿ ಹನಿಯಾಗಿಯೇ ಬಿಡಿ. ಎಲ್ಲ ಹಳಿ ಕೀಳುವ ಅಗತ್ಯವಿಲ್ಲ.

ಪಾಯಿಂಟಿನಲ್ಲಿ ಬ್ಲೇಡ್ ತಾಗುವುದನ್ನೇ ನೆಚ್ಚಿ ಫ್ರಾಗಿಗೆ ಕರೆಂಟ್ ಕೊಡಬೇಡಿ. ಪಾಯಿಂಟ್ ಮೋಟರಿನ ಜೊತೆಗಿರುವ ಸ್ವಿಚ್‌ನಿಂದ ಪ್ರತ್ಯೇಕ ವೈರ್ ಎಳೆಯಿರಿ. ಬ್ಲೇಡ್‌ಗಳ ನಡುವೆ ಜಲ್ಲಿಯನ್ನು ಬೆರಳೆಣಿಕೆಯಷ್ಟೇ ಇಟ್ಟು, ಅಂಟನ್ನು ಕಡ್ಡಿಯ ತುದಿಯಲ್ಲಿ ಮುಟ್ಟಿಸಿ.

ಒಂದು ತಪ್ಪು ತಿದ್ದಲು ಹೋಗಿ ಇನ್ನೊಂದು ಮಾಡುವವರೂ ಇದ್ದಾರೆ: ಸಿಟ್ಟಿನಲ್ಲಿ ಎಲ್ಲ ಜಾಯಿನರ್‌ಗೂ ಬೆಸುಗೆ ಹಾಕಿಬಿಡುವುದು. ನಿಕಲ್ ಸಿಲ್ವರ್ 15 ಡಿಗ್ರಿ ಬಿಸಿ ಏರಿದರೆ 7.3 ಮೀಟರಿಗೆ ಸುಮಾರು 1.8 ಮಿಮೀ ಹಿಗ್ಗುತ್ತದೆ. ಒಣಹವೆಯಲ್ಲಿ ಮರ ಕುಗ್ಗುವುದು ಅದರ ಜೊತೆಗೆ. ಜಾಗವಿಲ್ಲದ ಹಳಿ ಹಾವಿನಂತೆ ಬಳುಕುತ್ತದೆ. ಎರಡು ಹಳಿಗೊಂದು ಬೆಸುಗೆ, ಮುಂದಿನ ಜಾಯಿನರ್ ಬೆಸುಗೆಯಿಲ್ಲದೆ 0.5 ಮಿಮೀ ಸಂದಿನೊಂದಿಗೆ, ಹೀಗೆ ಬಿಟ್ಟರೆ ಸರಿ. ಹಳಿಯನ್ನು ಕತ್ತರಿಸಿ ಮಾಡಿದ ಇನ್ಸುಲೇಟೆಡ್ ಸಂದಿಗೆ ಮಾತ್ರ ಪ್ಲಾಸ್ಟಿಕ್ ಚೂರು ಅಂಟಿಸಿ ತುಂಬಿ. ಇಲ್ಲದಿದ್ದರೆ ಸೆಖೆಗೆ ಅದು ಮುಚ್ಚಿಕೊಂಡು ತಾನೇ ಶಾರ್ಟ್ ಆಗುತ್ತದೆ.

ಇದೆಲ್ಲ ಮಾಡುವವರೆಗೆ ಎಂಜಿನ್ ಉಳಿಸಲು ಒಂದು ಸುಲಭ ದಾರಿ ಇದೆ. ವಾಹನದ ಇಂಡಿಕೇಟರಿಗೆ ಬರುವ 12 ವೋಲ್ಟ್ 21 ವಾಟಿನ ತಂತುವಿರುವ ಬಲ್ಬನ್ನು, ಎಲ್‌ಇಡಿ ಅಲ್ಲ, ಯಾರ್ಡಿಗೆ ಹೋಗುವ ಒಂದು ವೈರಿನ ನಡುವೆ ಸರಣಿಯಲ್ಲಿ ಸೇರಿಸಿ. ಬಲ್ಬನ್ನು ತಪ್ಪಿಸಿ ಹೋಗುವ ಬೇರೆ ದಾರಿ ಕರೆಂಟಿಗೆ ಇರದಂತೆ ಯಾರ್ಡಿನ ಎರಡೂ ಹಳಿಯನ್ನು ಇನ್ಸುಲೇಟೆಡ್ ಜಾಯಿನರ್‌ನಿಂದ ಬೇರ್ಪಡಿಸಿರಬೇಕು. ಮಾಮೂಲಿ ಓಟದಲ್ಲಿ ಬಲ್ಬ್ ಉರಿಯುವುದಿಲ್ಲ. ಶಾರ್ಟ್ ಆದರೆ ಜಗ್ಗೆಂದು ಉರಿದು ಕರೆಂಟನ್ನು ಸುಮಾರು 2 ಆಂಪಿಯರಿಗೆ ತಡೆಯುತ್ತದೆ. ಅದು ಸುಡುವಷ್ಟು ಬಿಸಿಯಾಗುವುದರಿಂದ ಮರ, ಪ್ಲಾಸ್ಟಿಕ್‌ನಿಂದ ದೂರ, ಕಣ್ಣಿಗೆ ಕಾಣುವ ಕಡೆ ಇರಲಿ. ಬಲ್ಬ್ ಹಾಕಿದ ಭಾಗದಲ್ಲಿ ನಾಣ್ಯದ ಪರೀಕ್ಷೆ ಮಾಡುವಾಗ ಅದನ್ನು ತಾತ್ಕಾಲಿಕವಾಗಿ ಬಿಟ್ಟು ವೈರ್ ನೇರ ಸೇರಿಸಿ. ಖಾಯಂ ಪರಿಹಾರವೆಂದರೆ ಯಾರ್ಡಿಗೆ ಪ್ರತ್ಯೇಕ ಎಲೆಕ್ಟ್ರಾನಿಕ್ ಬ್ರೇಕರ್ ಹಾಕಿ 2.5 ಅಥವಾ 3 ಆಂಪಿಯರಿಗೆ ನಿಲ್ಲಿಸುವುದು.

ಇಂಥ ಶಾರ್ಟಿಗೆ ಸಿಕ್ಕಿದ ಎಂಜಿನ್ ಇದ್ದರೆ, ಹೊರಗೆ ಚೆನ್ನಾಗಿ ಕಂಡರೂ ನೇರ ಹಳಿಗೆ ಇಡಬೇಡಿ. ಕವಚ ತೆಗೆದು ಚಕ್ರಗಳಿಂದ ಡಿಕೋಡರಿಗೆ ಬರುವ ವೈರುಗಳ ಇನ್ಸುಲೇಷನ್ ನೋಡಿ. ಕರಗಿ ಎರಡು ವೈರ್ ಅಂಟಿಕೊಂಡಿದ್ದರೆ ಮುಂದಿನ ಬಲಿ ಡಿಕೋಡರ್. ಕಂಚಿನ ಪಟ್ಟಿ ಕಪ್ಪಾಗಿ ಒತ್ತುವ ಬಲ ಕಳೆದುಕೊಂಡಿದ್ದರೆ ಬದಲಾಯಿಸಿ. ಚಕ್ರಗಳ ಅಂತರವನ್ನು ಗೇಜ್ ಇಟ್ಟು ಅಳೆಯಿರಿ, ಮೆತ್ತಗಾದ ಚೌಕಟ್ಟಿನಲ್ಲಿ ಅಚ್ಚು ಓರೆಯಾಗಿ ಪ್ರತಿ ಪಾಯಿಂಟಿನಲ್ಲೂ ಹಳಿ ತಪ್ಪುತ್ತದೆ. ಎಲ್ಲ ಸರಿ ಕಂಡ ಮೇಲೂ ಮೊದಲು ಡಿಕೋಡರ್ ಹೊಂದಿಸಲು ಬಳಸುವ ಪ್ರತ್ಯೇಕ ಪ್ರೋಗ್ರಾಮಿಂಗ್ ಟ್ರ್ಯಾಕಿನಲ್ಲಿಟ್ಟು ಎಂಜಿನ್ ನಂಬರ್ ಓದಿಸಿ. ಅಲ್ಲಿ ಕರೆಂಟ್ ಮಿತಿಯಲ್ಲಿರುತ್ತದೆ, ಒಳಗೆ ಇನ್ನೂ ಶಾರ್ಟ್ ಉಳಿದಿದ್ದರೂ ಹೊಸದಾಗಿ ಏನೂ ಸುಡುವುದಿಲ್ಲ.