ಬಾಡೂಟಕ್ಕೆ ಒಪ್ಪುವ ಜಾರ್ಜಿಯಾದ ಸಪೆರಾವಿ

ಇದು ಅಮೆರಿಕದ ಜಾರ್ಜಿಯಾ ಅಲ್ಲ, ಕಾಕಸಸ್ ಬೆಟ್ಟಗಳ ಮಗ್ಗುಲಿನ ದೇಶ. ಸಪೆರಾವಿ ದ್ರಾಕ್ಷಿಯ ಸಿಪ್ಪೆಯಷ್ಟೇ ಅಲ್ಲ, ತಿರುಳೂ ಕೆಂಪು. ಅದಕ್ಕೇ ವೈನಿಗೆ ನೇರಳೆ ಹಣ್ಣಿನ ರಸದಂಥ ಕಡುಬಣ್ಣ. ಬಿಳಿ ಅಂಗಿಯವರು ಜೋಪಾನ! ಹುಳಿ ಚುರುಕು, ಒಗರು ಗಟ್ಟಿ.

ಲೇಬಲ್ ಓದದೆ ಕೊಂಡರೆ ಎಡವುತ್ತೀರಿ: ಸಪೆರಾವಿಯಿಂದಲೇ ಮಾಡುವ ಎರಡು ವೈನುಗಳಲ್ಲಿ ಕಿಂಡ್ಜ್ಮರಾವುಲಿ ಅರೆಸಿಹಿ, ಮುಕುಜಾನಿಯಲ್ಲಿ ಸಿಹಿಯಿಲ್ಲ. ಊಟಕ್ಕೆ ಮುಕುಜಾನಿಯೇ ಸರಿ. 'ಕ್ವೆವ್ರಿ' ಎಂದಿದ್ದರೆ ಅದು ನೆಲದಲ್ಲಿ ಹೂತ ಮಣ್ಣಿನ ಗುಡಾಣದಲ್ಲಿ ಹುದುಗಿದ್ದು. 2013ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿದ ವಿಧಾನ.

ಮೈಸೂರಿನ ಏಪ್ರಿಲ್ ಸೆಕೆಯಲ್ಲಿ ಹಾಗೇ ಬಗ್ಗಿಸಿದರೆ ಆಲ್ಕೋಹಾಲೇ ಮೂಗಿಗೆ ಹೊಡೆಯುತ್ತದೆ. ಬಾಟಲಿಯನ್ನು ಒಂದು ಗಂಟೆ ಫ್ರಿಜ್‌ನಲ್ಲಿಟ್ಟು 16–18 ಡಿಗ್ರಿಗೆ ಇಳಿಸಿ. ಬನ್ನೂರು ಕುರಿಯ ಮೆಣಸಿನ ಫ್ರೈಗೆ ಸೊಗಸು. ಖಾರ ಜಾಸ್ತಿಯ ಸಾರಿಗೆ ಬೇಡ, ಒಗರು ಖಾರವನ್ನು ಇನ್ನಷ್ಟು ಕೆರಳಿಸುತ್ತದೆ.